ಕಣ್ಣು ಮಾತ್ರ ಕಂಡವು

ಲಾರ್ಕಿನ್ ನದಿಯ ಮೊಸಳೆಗಳ ಸರಾಸರಿ ಉದ್ದ ಎರಡು ಮೀಟರಿಗಿಂತ ಕೆಳಗಿಳಿಯಿತು ಎಂಬ ಸುದ್ದಿ ಬಂದ ಸಂಜೆ ಊರಿನ ಒಂದೇ ಒಂದು ಬಾರಿನಲ್ಲಿ ಬಿಯರ್ ಮುಗಿದುಹೋಯಿತು. ಸರಾಸರಿಯೊಂದು ಇಳಿಯಿತೆಂದು ಕುಡಿದು ಕುಣಿಯುವ ಜನ ಭೂಮಿಯ ಮೇಲೆ ಬೇರೆಲ್ಲೂ ಇರಲಿಕ್ಕಿಲ್ಲ. ಆದರೆ ಎರಡು ವರ್ಷ ನೀರಿಗೆ ಕಾಲಿಡದೆ, ಎದುರಿಗೇ ಎಗರುವ ಬಾರಾಮಂಡಿ ಮೀನುಗಳನ್ನು ದಡದಲ್ಲಿ ನಿಂತು ಬರೀ ನೋಡಿಕೊಂಡಿದ್ದವರ ಸಂಕಟ ಅವರಿಗೇ ಗೊತ್ತು.

ಆ ಸಂಖ್ಯೆಯನ್ನು ತೆಗೆದವಳು ವೆರ್ನಾ ಕಟ್ಲರ್. ವನ್ಯಜೀವಿ ಠಾಣೆಯಲ್ಲಿ ಅವಳದು ಎಣಿಸುವ ಕೆಲಸ. ಪ್ರತಿ ವರ್ಷ ಮಳೆಗಾಲ ಮುಗಿದು ಹುಲ್ಲು ಒಣಗತೊಡಗಿದ ಮೇಲೆ, ಕತ್ತಲಾದ ನಂತರ ದೋಣಿಯಲ್ಲಿ ಹೊರಟು, ದೊಡ್ಡ ದೀಪವನ್ನು ನೀರಿನ ಮೇಲೆ ಆಡಿಸುತ್ತ ಹೋಗಬೇಕು. ಬೆಳಕು ಬಿದ್ದಲ್ಲಿ ಮೊಸಳೆಯ ಕಣ್ಣು ಕೆಂಡದ ಹಾಗೆ ಹೊಳೆಯುತ್ತದೆ. ಆಗ ದೋಣಿಯನ್ನು ಮೆಲ್ಲಗೆ ಹತ್ತಿರ ಒಯ್ದು, ತಲೆ ಎಷ್ಟುದ್ದ ಎಂದು ನೋಡಿ, ಅದನ್ನು ಏಳರಿಂದ ಗುಣಿಸಿದರೆ ಇಡೀ ಮೈಯ ಉದ್ದ ಬರುತ್ತದೆ. ಎಲ್ಲವನ್ನೂ ಕೂಡಿ, ಮೊಸಳೆಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ. ಗಿಡ್ಡದರಿಂದ ಉದ್ದದವರೆಗೆ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವುದು ಮಧ್ಯಾಂಕ. ಅತಿ ಗಿಡ್ಡದಕ್ಕೂ ಅತಿ ಉದ್ದದ್ದಕ್ಕೂ ನಡುವಿನ ಅಂತರ ವ್ಯಾಪ್ತಿ. ಈ ಮೂರನ್ನು ಬರೆದು ಊರಿನ ಕೌನ್ಸಿಲ್ಲಿಗೆ ಕೊಟ್ಟರೆ ಅವಳ ವರ್ಷದ ದೊಡ್ಡ ಕೆಲಸ ಮುಗಿಯಿತು.

ಎಲ್ಲ ಮೊಸಳೆಗಳೂ ಮರ್ಯಾದೆಯಾಗಿ ನಿಂತು ಅಳತೆ ಕೊಡುವುದಿಲ್ಲ, ನಿಜ. ದೂರದಲ್ಲಿ ಕಣ್ಣು ಹೊಳೆದದ್ದೇ ತಡ, ದೋಣಿ ಹತ್ತಿರ ಬರುವಷ್ಟರಲ್ಲಿ ಮುಳುಗಿಬಿಡುವಂಥವೂ ಇರುತ್ತವೆ. ಅಂಥವುಗಳ ಮುಂದೆ ‘ಕಣ್ಣು ಮಾತ್ರ’ ಎಂದು ಬರೆದು ಮುಂದೆ ಹೋಗುವುದು ಆ ನದಿಗಳ ಉದ್ದಕ್ಕೂ ಎಣಿಸುವವರೆಲ್ಲ ಪಾಲಿಸಿಕೊಂಡು ಬಂದ ಪದ್ಧತಿ. ಉದ್ದವೇ ಗೊತ್ತಿಲ್ಲದ್ದನ್ನು ಸರಾಸರಿಗೆ ಸೇರಿಸುವುದಾದರೂ ಹೇಗೆ? ವೆರ್ನಾಳ ಗುರು ಹಾಗೆ ಕಲಿಸಿದ್ದ, ಅವನಿಗೆ ಅವನ ಗುರು ಕಲಿಸಿದ್ದ. ಈ ವರ್ಷ ಅಳತೆಗೆ ಸಿಕ್ಕವು ಮೂವತ್ತೆಂಟು. ಸರಾಸರಿ ಒಂದು ಮೀಟರ್ ಎಂಬತ್ತು. ಕಣ್ಣು ಮಾತ್ರ ಕಂಡವು ಎಂಟು.

ಎರಡು ಮೀಟರಿನ ನಿಯಮ ಹುಟ್ಟಿದ್ದು ಎರಡು ವರ್ಷದ ಹಿಂದೆ, ಊರಿನ ಡೆನ್ಝಿಲ್ ಪ್ರಯರ್ ಹೋದ ಮೇಲೆ. ನದಿಗೆ ಅಡ್ಡಲಾಗಿ ಒಂದು ಮುಳುಗುಸೇತುವೆಯಿದೆ. ಉಬ್ಬರ ಬಂದಾಗ ಅದರ ಮೇಲೆ ಮೊಣಕಾಲುದ್ದ ನೀರು ಹರಿಯುತ್ತದೆ, ನೀರಿನ ಜೊತೆ ಮೀನೂ ಬರುತ್ತದೆ. ಅಲ್ಲಿ ನಿಂತು ಬಲೆ ಬೀಸುವುದು ಊರಿನವರಿಗೆ ಊಟ ಮಾಡಿದಷ್ಟೇ ಸಹಜ. ಡೆನ್ಝಿಲ್ ಹಾಗೆ ನಿಂತಿದ್ದವನು ಇದ್ದಕ್ಕಿದ್ದಂತೆ ಇಲ್ಲವಾದ. ಕೂಗಲಿಲ್ಲ, ಒದ್ದಾಡಲಿಲ್ಲ. ಪಕ್ಕದಲ್ಲಿದ್ದವರು ತಿರುಗಿ ನೋಡಿದಾಗ ಟೋಪಿ ತೇಲಿಕೊಂಡು ಹೋಗುತ್ತಿತ್ತು. ಕೌನ್ಸಿಲ್ ಸೇತುವೆಗೆ ಸರಪಳಿ ಬಿಗಿಯಿತು, ಡಾರ್ವಿನ್ ನಗರದಿಂದ ಬೇಟೆಗಾರರನ್ನು ಕರೆಸಿತು. ಅವರು ಒಂದು ವಾರ ದೋಣಿಯಲ್ಲಿ ದೀಪ ಹಿಡಿದು ತಿರುಗಿ, ಕಣ್ಣು ಹೊಳೆದಲ್ಲೆಲ್ಲ ಗುಂಡು ಹಾರಿಸಿದರು. ಆಮೇಲೆ ಸಭೆಯಲ್ಲಿ ಯಾರೋ ಎದ್ದು, ಎರಡು ಮೀಟರಿನದು ಮನುಷ್ಯನನ್ನು ಎಳೆದುಕೊಂಡು ಹೋಗಲಾರದು ಎಂದ. ಸರಾಸರಿ ಎರಡರ ಕೆಳಗೆ ಬಂದರೆ ಸೇತುವೆ ತೆರೆಯೋಣ ಎಂದು ಎಲ್ಲರೂ ಕೈ ಎತ್ತಿದರು. ಒಂದು ಮೊಸಳೆಯ ಬಗ್ಗೆ ಹೇಳಿದ ಮಾತನ್ನು ಸರಾಸರಿಯ ತಲೆಗೆ ಕಟ್ಟಿದ್ದೇವೆ ಎಂದು ಅಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ವೆರ್ನಾಳೂ ಕೈ ಎತ್ತಿದವಳೇ.

ಸೇತುವೆ ಮುಚ್ಚಿದ್ದರಿಂದ ಎಲ್ಲರಿಗಿಂತ ಹೆಚ್ಚು ಸೊರಗಿದವನು ಅವಳಪ್ಪ ಆಂಬ್ರೋಸ್. ಆಯುಷ್ಯವಿಡೀ ಸರಕಿನ ದೋಣಿಯಲ್ಲಿ ದುಡಿದವನು. ಹೆಂಡತಿ ತೀರಿಕೊಂಡ ಮೇಲೆ ಅವನಿಗಿದ್ದದ್ದು ಒಂದು ನದಿ, ಒಬ್ಬ ಗೆಳೆಯ ಡೆನ್ಝಿಲ್, ಒಬ್ಬಳು ಮಗಳು. ಮೊದಲಿನ ಎರಡೂ ಒಂದೇ ದಿನ ಕೈತಪ್ಪಿದ್ದವು. ಎರಡು ವರ್ಷ ಅವನು ವರಾಂಡದಲ್ಲಿ ಕೂತು, ಬೀಸದ ಬಲೆಯನ್ನೇ ಬಿಚ್ಚಿ ಬಿಚ್ಚಿ ಹೆಣೆದ. ಮಗಳ ಸಂಖ್ಯೆ ಬಂದ ಸಂಜೆ ಬಾರಿನಲ್ಲಿ ಮೇಜು ಕುಟ್ಟಿ ಕೂಗಿದ್ದ, “ನನ್ ಮಗಳ ಲೆಕ್ಕ ಕಣ್ರೋ! ಶನಿವಾರ ಮೊದಲನೇ ಬಲೆ ನಂದೇ. ಯಾರಾದ್ರೂ ಮುಂದೆ ನುಗ್ಗಿದ್ರೆ ಮೊಸಳೆ ಅಲ್ಲ, ನಾನೇ ಕಚ್ತೀನಿ!”

ಶನಿವಾರ ಬೆಳಿಗ್ಗೆ ಸೇತುವೆ ತೆರೆಯುವ ಹೊತ್ತಿಗೆ ವೆರ್ನಾ ಅಲ್ಲಿರಬೇಕಿತ್ತು. ಆದರೆ ಊರಿನ ಅಂಕಿಗಳೆಲ್ಲ ಬಂದು ಬೀಳುತ್ತಿದ್ದದ್ದು ಅವಳ ಮಡಿಲಿಗೇ. ಮಳೆ ಎಷ್ಟು ಬಿತ್ತು, ಫುಟ್ಬಾಲ್ ತಂಡ ಎಷ್ಟು ಗೋಲು ತಿಂದಿತು, ಎಲ್ಲಕ್ಕೂ ಸರಾಸರಿ ತೆಗೆದುಕೊಡುವವಳು ಅವಳೇ. ಅಂದು ದವಾಖಾನೆಯ ನರ್ಸ್ ಕೋರಾ ಹಿಡಿದು ಕೂರಿಸಿದ್ದಳು. ಫಿಲಿಪ್ಪೀನ್ಸಿನಿಂದ ಬಂದು ಇಪ್ಪತ್ತು ವರ್ಷದಿಂದ ಊರಿಗೆಲ್ಲ ಸೂಜಿ ಚುಚ್ಚುತ್ತಿದ್ದವಳು, ಬಾಯಿ ಸ್ವಲ್ಪ ಜೋರು. ಊರಿನ ನಡುವಯಸ್ಕರ ಬಿಪಿ ಸರಾಸರಿಯನ್ನು ಮೇಲಿನವರಿಗೆ ಕಳಿಸಬೇಕಾಗಿತ್ತು.

“ಪರವಾಗಿಲ್ವಲ್ಲ ಕೋರಾ,” ಎಂದಳು ವೆರ್ನಾ, ಕೂಡಿ ಭಾಗಿಸಿ. “ಹೋದ ವರ್ಷಕ್ಕಿಂತ ಎಷ್ಟೋ ಇಳಿದಿದೆ. ಊರು ಸುಧಾರಿಸಿದೆ.”

ಕೋರಾ ಕಾಫಿ ಉಗುಳುವಷ್ಟು ನಕ್ಕಳು. “ಯಾವ ಊರೇ? ಈ ಊರಾ? ಹೋದ ವರ್ಷ ನಾನು ಬಯ್ದಿದ್ದು ಜ್ಞಾಪಕ ಇದೆಯಲ್ಲ, ಬಿಯರ್ ಬಿಡು, ಉಪ್ಪು ಬಿಡು ಅಂತ. ಅದಕ್ಕೇ ಈ ಸಲ ಒಬ್ಬರೂ ಪತ್ತೆ ಇಲ್ಲ. ನನ್ನ ವ್ಯಾನು ಬೀದಿ ತಿರುಗಿದ್ರೆ ಸಾಕು, ಬಿಪಿ ಜಾಸ್ತಿ ಇರೋರೆಲ್ಲ ಹಿತ್ತಲ ಬಾಗಿಲಿಂದ ಪರಾರಿ. ಕೈ ಚಾಚಿ ಕೂತವರು ಯಾರು ಹೇಳು? ಏನೂ ಇಲ್ಲದ ಪಾಪದವರು.”

“ಹಾಗಾದ್ರೆ...”

“ಹಾಗಾದ್ರೆ ಏನೂ ಇಲ್ಲ. ಬಿಪಿ ಇಳಿದಿಲ್ಲಮ್ಮ, ಬಿಪಿ ಇರೋರು ಬುದ್ಧಿವಂತರಾಗಿದ್ದಾರೆ ಅಷ್ಟೆ. ನೀನು ಬರಿ, ಮೇಲಿನವರಿಗೆ ಖುಷಿಯಾಗ್ಲಿ.”

ವೆರ್ನಾ ಬರೆಯಲಿಲ್ಲ. ಪೆನ್ನು ಕೆಳಗಿಟ್ಟಳು. ಕೋರಾ ಇನ್ನೂ ಏನೋ ಹೇಳಿ ನಗುತ್ತಿದ್ದಳು, ಅದು ಕಿವಿಗೆ ಬೀಳಲಿಲ್ಲ. ಒಂದು ವಾರ ದೀಪ, ದೀಪದ ಹಿಂದೆ ಗುಂಡು. ಆ ವಾರ ಸತ್ತವು ಯಾವುವು, ಉಳಿದವು ಯಾವುವು? ಬೆಳಕನ್ನು ಪೆದ್ದು ಪೆದ್ದಾಗಿ ನೋಡುತ್ತ ನಿಂತವು ಸತ್ತವು. ಬೆಳಕು ಕಂಡ ತಕ್ಷಣ ಮುಳುಗಬೇಕು ಎಂದು ಕಲಿತವು ಉಳಿದವು. ಈ ವರ್ಷ ಅವಳ ದೀಪಕ್ಕೆ ಮುಖ ಕೊಟ್ಟು ಅಳತೆ ಕೊಟ್ಟವೆಲ್ಲ ಆಮೇಲೆ ಬೇರೆ ಹೊಳೆಗಳಿಂದ ಬಂದು ಸೇರಿದ ಎಳೆಯವು, ಗುಂಡಿನ ಸದ್ದನ್ನೇ ಕೇಳದವು. ಸೇತುವೆ ಮುಚ್ಚುವ ಮೊದಲಿನ ವರ್ಷಗಳಲ್ಲಿ ‘ಕಣ್ಣು ಮಾತ್ರ’ ಎಂದು ಬರೆದದ್ದು ಒಂದೋ ಎರಡೋ. ಈ ಸಲ ಎಂಟು. ಆ ಎಂಟು ಬೇರೆ ಮೊಸಳೆಗಳ ಹಾಗೆಯೇ ಇರಬಹುದು ಎಂದು ಅವಳು ಅಂದುಕೊಂಡಿದ್ದಳು. ಅಂದುಕೊಳ್ಳುವುದೇನು, ಆ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ.

“ಕೋರಾ, ಹೊತ್ತೆಷ್ಟು?”

“ಒಂಬತ್ತೂವರೆ. ಯಾಕೆ, ಮುಖ ಯಾಕೆ ಹೀಗೆ ಬಿಳಿಚಿಕೊಂಡಿದೆ? ಬಾ, ನಿನ್ನ ಬಿಪಿನೂ ನೋಡಿಬಿಡ್ತೀನಿ.”

ಹತ್ತು ಗಂಟೆಗೆ ಉಬ್ಬರ ಸೇತುವೆ ಹತ್ತುತ್ತದೆ. ವೆರ್ನಾ ಓಡಿದಳು.

ಊರಿನಿಂದ ಸೇತುವೆಗೆ ಹದಿನೆಂಟು ಕಿಲೋಮೀಟರ್ ಮಣ್ಣುದಾರಿ. ಮಳೆಗಾಲ ಕೊರೆದ ಕೊರಕಲುಗಳಲ್ಲಿ ಪಿಕಪ್ಪು ಎಗರಿ ಎಗರಿ ಬೀಳುತ್ತಿತ್ತು. ಒಂದು ಕೈಯಲ್ಲಿ ಕೌನ್ಸಿಲ್ ಅಧ್ಯಕ್ಷೆ ಗ್ಲೆನಿಸಳಿಗೆ ಫೋನು ಒತ್ತಿದಳು. ಸೇತುವೆಯ ಹತ್ತಿರ ಸಿಗ್ನಲ್ ಇಲ್ಲ ಎಂಬುದು ಅವಳಿಗೂ ಗೊತ್ತು. ಆದರೂ ಒತ್ತಿದಳು, ಮತ್ತೆ ಒತ್ತಿದಳು, ಕೊನೆಗೆ ಪಕ್ಕದ ಸೀಟಿನ ಮೇಲೆ ಎಸೆದಳು.

ಸುಮ್ಮಸುಮ್ಮನೆ ಹೆದರುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಎಂಟರಲ್ಲಿ ಕೆಲವು ಸಣ್ಣವೂ ಇರಬಹುದು. ಹೆದರಿ ಮುಳುಗುವ ಮರಿಗಳೂ ಇರುತ್ತವೆ. ಒಂದೇ ಮೊಸಳೆಯನ್ನು ಎರಡು ಸಲ ಎಣಿಸಿರಲೂಬಹುದು. ಹೀಗೆ ಒಂದೊಂದೇ ಸಮಾಧಾನವನ್ನು ಮುಂದಿಟ್ಟುಕೊಂಡು ನೋಡಿದಳು. ಯಾವುದೂ ನಿಲ್ಲಲಿಲ್ಲ. ಯಾಕೆಂದರೆ ಈಗ ಅವಳಿಗೆ ಸೇತುವೆಯ ಕೆಳಗಿನ ಮಡುವು ನೆನಪಾಗುತ್ತಿತ್ತು. ಅಲ್ಲಿ ದೀಪ ಆಡಿಸಿದಾಗ ಮೂರು ಕಡೆ ಕಣ್ಣು ಹೊಳೆದಿತ್ತು. ಒಂದರ ಎರಡು ಕಣ್ಣುಗಳ ನಡುವೆ ಎಷ್ಟು ಜಾಗವಿತ್ತೆಂದರೆ, ಅವು ಎರಡು ಬೇರೆ ಮೊಸಳೆಗಳ ಒಂದೊಂದು ಕಣ್ಣಿರಬೇಕು ಎಂದು ಅವಳು ಒಂದು ಗಳಿಗೆ ಅಂದುಕೊಂಡಿದ್ದಳು. ಆಮೇಲೆ ಆ ಎರಡೂ ಒಟ್ಟಿಗೇ, ಒಂದು ಹನಿ ಸದ್ದಿಲ್ಲದೆ ಆರಿಹೋದವು. ಅದು ಹೋದದ್ದಕ್ಕೆ ಅವಳಿಗೆ ನೆಮ್ಮದಿಯಾಗಿತ್ತು. ಈಗ ಅದು ನೆನಪಾಗಿ ಆಕ್ಸಿಲರೇಟರನ್ನು ಪೂರ್ತಿ ತುಳಿದಳು.

ಅಪ್ಪ ಬೆಳಿಗ್ಗೆ ಮನೆಯಿಂದ ಹೊರಟಾಗ ಹೊಸ ಅಂಗಿ ತೊಟ್ಟಿದ್ದ. ಮೀನು ಹಿಡಿಯಲು ಯಾರಾದರೂ ಹೊಸ ಅಂಗಿ ತೊಡುತ್ತಾರೆಯೇ ಎಂದು ಅವಳು ಛೇಡಿಸಿದ್ದಳು. “ನಿನ್ನ ಲೆಕ್ಕಕ್ಕೆ ಮರ್ಯಾದೆ ಕೊಡ್ಬೇಕಲ್ಲಮ್ಮ,” ಎಂದಿದ್ದ.

ಅವಳು ತಲುಪುವಾಗ ಸೇತುವೆಯ ಬಾಯಲ್ಲಿ ಜಾತ್ರೆಯಂಥ ಗದ್ದಲ. ಸಾಸೇಜು ಸುಡುವ ಹೊಗೆ, ಐಸ್ ಪೆಟ್ಟಿಗೆಗಳು, ಮಡಚುವ ಕುರ್ಚಿಗಳು, ಯಾರದೋ ಕಾರಿನಿಂದ ಜೋರಾದ ಹಾಡು. ಸರಪಳಿಯನ್ನು ಬಿಚ್ಚಿ ಕಂಬಕ್ಕೆ ನೇತುಹಾಕಿದ್ದರು. ಹಾಲು ಕಡಿಮೆ ಹಾಕಿದ ಚಹಾದ ಬಣ್ಣದ ನೀರು ಸೇತುವೆಯ ಮೇಲೆ ಆಗಲೇ ಹತ್ತಿ ಹರಿಯುತ್ತಿತ್ತು. ಅದರಲ್ಲಿ ಹತ್ತು ಹನ್ನೆರಡು ಜನ ನಿಂತಿದ್ದರು. ಎಲ್ಲರಿಗಿಂತ ಮುಂದೆ, ನಟ್ಟನಡುವೆ, ಮಡುವಿನ ಕಡೆಗೆ ಮುಖಮಾಡಿ ಹೊಸ ಅಂಗಿಯ ಆಂಬ್ರೋಸ್ ನಿಂತಿದ್ದ.

“ಹೊರಗೆ ಬನ್ನಿ!” ಎಂದು ವೆರ್ನಾ ಕೂಗಿದಳು. “ಎಲ್ಲರೂ ಹೊರಗೆ ಬನ್ನಿ! ಲೆಕ್ಕ ತಪ್ಪಿದೆ!”

ಹತ್ತಿರವಿದ್ದ ಇಬ್ಬರು ತಿರುಗಿ ನೋಡಿ ನಕ್ಕರು. “ನಿನ್ನ ಪಾಲಿನ ಮೀನು ಇಟ್ಟಿರ್ತೀವಿ ಬಿಡು ವೆರ್ನಾ!” ಎಂದ ಒಬ್ಬ. ನೀರಿನ ಸದ್ದಿಗೆ ಅಪ್ಪನಿಗೆ ಏನೂ ಕೇಳಿಸಲಿಲ್ಲ. ಮೊದಲೇ ಅವನ ಕಿವಿ ಮಂದ, ದೋಣಿಯ ಇಂಜಿನ್ನು ತಿಂದು ಉಳಿಸಿದಷ್ಟೇ ಇತ್ತು.

ಗ್ಲೆನಿಸ್ ಹಾಪ್‌ವುಡ್ ಇಕ್ಕಳ ಹಿಡಿದುಕೊಂಡೇ ಓಡಿ ಬಂದಳು. ದಪ್ಪ ಮೈ, ಒಳ್ಳೆಯ ಮನಸ್ಸು, ಜನ ಗಾಬರಿಯಾದರೆ ತಾನು ಎರಡರಷ್ಟು ಗಾಬರಿಯಾಗುವವಳು. “ಏನೇ ಇದು? ಮೆಲ್ಲಗೆ ಮಾತಾಡು. ಡಾರ್ವಿನ್ನಿಂದೆಲ್ಲ ಜನ ಬಂದಿದ್ದಾರೆ.”

“ಅವರನ್ನ ಮೇಲೆ ಕರಿ ಗ್ಲೆನಿಸ್. ದೊಡ್ಡವು ಲೆಕ್ಕಕ್ಕೇ ಸಿಕ್ಕಿಲ್ಲ. ದೊಡ್ಡವೇ ಬಿಟ್ಟುಹೋಗಿವೆ.”

“ಒಂದು ಎಂಬತ್ತು ಅಂತ ನೀನೇ ಬರೆದುಕೊಟ್ಟಿದ್ದಲ್ವಾ? ಮೂರು ಸಲ ಕೇಳಿದ್ದೆ ನಾನು. ಮೂರು ಸಲವೂ ಹೌದು ಅಂದೆ. ನನ್ನ ಮೊಮ್ಮಕ್ಕಳೇ ನೀರಲ್ಲಿದ್ದಾರೆ ಕಣೇ, ಈಗ ಬಂದು ಹೀಗಂದ್ರೆ?”

“ಅದಕ್ಕೇ ಹೇಳ್ತಿರೋದು, ಅವರನ್ನ ಮೇಲೆ ಕರಿ!”

ಗ್ಲೆನಿಸ್ ಇಕ್ಕಳ ಎಸೆದಳು. ಅವಳು ನೀರಿನ ಕಡೆ ತಿರುಗಿ ಮೊಮ್ಮಕ್ಕಳ ಹೆಸರು ಹಿಡಿದು ಕೂಗತೊಡಗಿದಳು. ವೆರ್ನಾ ಕಾಯಲಿಲ್ಲ. ಆ ನದಿಯ ಮೇಲೆ ಹದಿನಾರು ವರ್ಷ ದೋಣಿ ನಡೆಸಿದವಳು ಒಂದು ದಿನವೂ ಅದರೊಳಗೆ ಕಾಲಿಟ್ಟಿರಲಿಲ್ಲ. ಈಗ ಶೂ ಸಮೇತ ಇಳಿದಳು.

ನೀರು ಬೆಚ್ಚಗಿತ್ತು, ಅದೇ ಅವಳಿಗೆ ಹೇಸಿಗೆಯಾಯಿತು. ಒಂದು ಅಡಿ ಕೆಳಗೆ ಏನಿದೆ ಎಂದು ಕಾಣುವುದಿಲ್ಲ. ತನ್ನ ಪಾದವೇ ಕಾಣುವುದಿಲ್ಲ. ಕಾಲೆತ್ತಿ ಇಟ್ಟಲ್ಲೆಲ್ಲ ಪಾಚಿ ಜಾರುತ್ತಿತ್ತು. ಸೆಳೆತ ಮೊಣಕಾಲನ್ನು ಒತ್ತುತ್ತಿತ್ತು. ಓಡಬೇಕೆನಿಸಿತು, ಆದರೆ ಓಡಿದರೆ ನೀರು ಕಲಕುತ್ತದೆ, ಕಲಕಿದ್ದು ಕೆಳಗಿನವಕ್ಕೆ ತಿಳಿಯುತ್ತದೆ. ಎಡಗಾಲಿಗೆ ಏನೋ ಗಟ್ಟಿಯಾದದ್ದು ತಾಗಿತು. ಅವಳು ನಿಂತುಬಿಟ್ಟಳು. ಕಾಂಡ್ಲಗಿಡದ ಕೊಂಬೆಯೊಂದು ಮೈ ಹೊರಳಿಸಿ ತೇಲಿಹೋಯಿತು. ಅವಳಿಗೆ ಅಳು ಬಂತು, ಅಳುತ್ತಲೇ ನಡೆದಳು.

“ಅಪ್ಪಾ.”

ಆಂಬ್ರೋಸ್ ತಿರುಗಿದ. ಮುಖವೆಲ್ಲ ನಗು. ಬಲೆಯನ್ನು ಆಗಷ್ಟೇ ಮಡುವಿನ ಕಡೆಗೆ ಬೀಸಿದ್ದ, ಅದು ಅರಳಿ ಬಿದ್ದು ಮುಳುಗಿತ್ತು. “ಬಂದ್ಯಾ! ಭಾರ ನೋಡು ಭಾರ! ಮೊದಲನೇ ಬಲೆಗೇ ಈ ಪಾಟಿ! ಡೆನ್ಝಿಲ್ ಇದ್ದಿದ್ರೆ ಹೊಟ್ಟೆ ಉರ್ಕೊಂಡು ಸಾಯ್ತಿದ್ದ.”

“ಅಪ್ಪಾ, ಮೇಲೆ ಬಾ. ಈಗಲೇ.”

“ಇದೊಂದು ಎಳೆದು ಬರ್ತೀನಿ ತಾಳು.”

“ಎಳೀಬೇಡ. ಲೆಕ್ಕ ತಪ್ಪಿದೆ.”

“ಯಾರ ಲೆಕ್ಕ?”

“ನಂದೇ.”

ಅವನು ನಕ್ಕ. “ಹೋಗೇ. ಒಂದನೇ ಕ್ಲಾಸಿಂದ ಒಂದು ಕೂಡೋದು ತಪ್ಪಿದವಳಲ್ಲ ನೀನು.”

“ಕೂಡಿದ್ದು ತಪ್ಪಿಲ್ಲಪ್ಪ, ಕೂಡದೆ ಬಿಟ್ಟಿದ್ದು ತಪ್ಪು. ದೀಪ ಕಂಡು ಮುಳುಗಿದವನ್ನ ಬಿಟ್ಟುಬಿಟ್ಟೆ. ದೊಡ್ಡವೇ ಮುಳುಗೋದು. ಗುಂಡು ನೋಡಿದವೇ ಮುಳುಗೋದು. ಸಣ್ಣವನ್ನ ಮಾತ್ರ ಅಳೆದು, ನದೀಲಿ ಸಣ್ಣವೇ ಇವೆ ಅಂತ ಬರೆದುಕೊಟ್ಟೆ. ನನ್ನ ಮಾತು ಕೇಳಿ ನೀನು ಇಲ್ಲಿ ಬಂದು ನಿಂತಿದೀಯ.”

ಆಂಬ್ರೋಸನ ನಗು ಒಂದೇ ಸಲ ಹೋಗಲಿಲ್ಲ. ತುಟಿಯ ಮೇಲೆ ಉಳಿದುಕೊಂಡು, ಕಣ್ಣಿನಿಂದ ಮೊದಲು ಹೋಯಿತು. “ಎಷ್ಟು ಬಿಟ್ಟೆ?”

“ಎಂಟು.”

“ಎಲ್ಲಿ?”

ಅವಳು ಅವನ ಬಲೆ ಮುಳುಗಿದ್ದ ಕಡೆ ನೋಡಿದಳು.

ಅಪ್ಪನ ಮುಖದಲ್ಲಿ ಭಯವನ್ನು ಅವಳು ಹಿಂದೆ ಕಂಡಿರಲಿಲ್ಲ. ಅಮ್ಮ ಹೋದಾಗ ದುಃಖ ಕಂಡಿದ್ದಳು, ಡೆನ್ಝಿಲ್ ಹೋದಾಗ ಕೋಪ ಕಂಡಿದ್ದಳು. ಇದು ಬೇರೆ. ಅವನು ಮೆಲ್ಲಗೆ ತನ್ನ ಎಡಗೈಯನ್ನು ನೋಡಿಕೊಂಡ. ಬೀಸುಬಲೆಯ ಹಗ್ಗದ ಕೊನೆಯ ಕುಣಿಕೆಯನ್ನು ಅಲ್ಲಿನವರು ಮಣಿಕಟ್ಟಿಗೆ ಬಿಗಿದುಕೊಳ್ಳುತ್ತಾರೆ, ಬಲೆ ಕೈಜಾರಿ ಹೋಗಬಾರದೆಂದು. ಡೆನ್ಝಿಲ್ ಕೂಡ ಬಿಗಿದುಕೊಂಡಿದ್ದ.

“ಬಿಚ್ಚು,” ಎಂದ ಆಂಬ್ರೋಸ್. ಧ್ವನಿ ಇಳಿದಿತ್ತು. “ಬಲಗೈ ಬಿಟ್ಟರೆ ಭಾರವೆಲ್ಲ ಕುಣಿಕೆಗೆ ಬೀಳುತ್ತೆ. ನೀನು ಬಿಚ್ಚು.”

ನೀರು ಕುಡಿದ ಹಗ್ಗ ಊದಿ, ಗಂಟು ಕಲ್ಲಿನಂತಾಗಿತ್ತು. ಅವಳ ಉಗುರು ಹಿಡಿಯಲಿಲ್ಲ. ಒಂದು ಸುತ್ತನ್ನು ಹಿಂದಕ್ಕೆ ತಳ್ಳಿ ನೋಡಿದಳು, ಅದೂ ಜಗ್ಗಲಿಲ್ಲ. ಹಿಂದಿನಿಂದ ಗ್ಲೆನಿಸಳ ಕೂಗು, ಮಕ್ಕಳು ಪಚಪಚನೆ ದಡಕ್ಕೆ ಓಡುವ ಸದ್ದು. ವೆರ್ನಾ ಬಗ್ಗಿ ಗಂಟಿಗೆ ಹಲ್ಲು ಹಾಕಿದಳು. ಕೆಸರಿನ ರುಚಿ, ಉಪ್ಪು, ಅಪ್ಪನ ಚರ್ಮ. ಬಗ್ಗಿದಾಗ ಅವಳ ಮುಖ ನೀರಿನಿಂದ ಒಂದು ಗೇಣು ಮೇಲಿತ್ತು. ಕಣ್ಣು ಮುಚ್ಚಿಕೊಂಡಳು.

ಗಂಟು ಸಡಿಲಿತು. ಕುಣಿಕೆಯನ್ನು ಎಳೆದು, ಚರ್ಮ ತರಚಿದರೂ ಬಿಡದೆ, ಹೆಬ್ಬೆರಳಿನ ಮೇಲಿನಿಂದ ದಾಟಿಸಿದಳು.

“ಬಲೆ ಬಿಡು ಅಪ್ಪಾ.”

“ಎರಡು ವರ್ಷ ಹೆಣೆದಿದ್ದು ಕಣೇ.”

“ಬಿಡಪ್ಪಾ!”

ಅವನು ಬಿಡುವ ಮೊದಲೇ ಹಗ್ಗ ಅವನ ಬಲಗೈಯಿಂದ ಹೊರಟುಹೋಯಿತು. ಜಗ್ಗಾಟವಿಲ್ಲ, ಚಿಮ್ಮಾಟವಿಲ್ಲ. ಹಗ್ಗ ಒಂದು ಸಲ ನೆಟ್ಟಗೆ ನಿಂತಿತು, ಆಮೇಲೆ ಯಾರೋ ತಮ್ಮದನ್ನು ತಾವು ತೆಗೆದುಕೊಂಡು ಹೋಗುವಂತೆ ಸರ್ರನೆ ಸೇತುವೆಯ ಅಂಚು ದಾಟಿ ಕೆಳಗಿಳಿಯಿತು. ಕುಣಿಕೆಯ ತುದಿ ನೀರಿನ ಮೇಲೆ ಒಂದು ಗೆರೆ ಎಳೆದು ಮುಳುಗಿತು.

ಇಬ್ಬರೂ ಒಬ್ಬರ ಕೈಯನ್ನೊಬ್ಬರು ಹಿಡಿದುಕೊಂಡು ಹಿಂದೆ ಹಿಂದೆ ನಡೆದರು. ಮಡುವಿಗೆ ಬೆನ್ನು ತೋರಿಸುವ ಧೈರ್ಯ ಇಬ್ಬರಿಗೂ ಇರಲಿಲ್ಲ. ದಡ ಮುಟ್ಟಿದಾಗ ಆಂಬ್ರೋಸ್ ಕುಳಿತುಬಿಟ್ಟ. ನೀರಿನಲ್ಲಿ ಈಗ ಯಾರೂ ಇರಲಿಲ್ಲ. ಯಾರೋ ಹಾಡು ನಿಲ್ಲಿಸಿದರು.

ಆಮೇಲೆ ಅದು ಮೇಲೆ ಬಂತು. ಮಡುವಿನ ಕಡೆಯಿಂದ ಮೊದಲು ಮೂತಿ, ಮೂತಿಗೆ ಸುತ್ತಿಕೊಂಡ ಬಲೆ, ಬಲೆಯೊಳಗೆ ಇನ್ನೂ ಮಿಡುಕುವ ಮೀನು. ಉಬ್ಬರದ ಜೊತೆ ಮೇಲುನದಿಗೆ ಹೋಗಲು ಅದು ಸೇತುವೆಯನ್ನು ಅಡ್ಡ ಹಾಯುತ್ತಿತ್ತು. ಅವಸರವಿರಲಿಲ್ಲ. ಸೇತುವೆಯ ಅಗಲ ನಾಲ್ಕು ಮೀಟರ್, ಎರಡು ಅಂಚಿಗೂ ಬಿಳಿ ಬಳಿದ ಗೂಟಗಳಿವೆ. ಅದರ ತಲೆ ಆಚೆಯ ಗೂಟ ದಾಟಿದಾಗಲೂ ಬಾಲ ಈಚೆಯ ಗೂಟದಿಂದ ಒಳಗೆ ಬಂದಿರಲಿಲ್ಲ. ದಡದಲ್ಲಿದ್ದ ನೂರು ಜನ ಒಂದೊಂದೇ ಹೆಜ್ಜೆ ಹಿಂದೆ ಸರಿದರು. ವೆರ್ನಾ ಮಾತ್ರ, ಬೇಡವೆಂದರೂ ಬಿಡದ ಅಭ್ಯಾಸದಿಂದ, ತಲೆಯನ್ನು ನೋಡಿ ಏಳರಿಂದ ಗುಣಿಸಿದಳು. ಐದು ಮೀಟರ್ ಇಪ್ಪತ್ತು. ಅದು ಆಚೆಗೆ ಜಾರಿ ಮುಳುಗಿತು, ಬಲೆಯೂ ಮುಳುಗಿತು, ನೀರು ಮೊದಲಿನಂತೆ ಹರಿಯಿತು.

ಎಷ್ಟೋ ಹೊತ್ತಿನ ಮೇಲೆ ಗ್ಲೆನಿಸ್ ಅವಳ ಹತ್ತಿರ ಬಂದಳು. ಇಬ್ಬರು ಮೊಮ್ಮಕ್ಕಳನ್ನೂ ಸೊಂಟಕ್ಕೆ ಅವುಚಿಕೊಂಡಿದ್ದಳು, ಅವಕ್ಕೆ ನೋಯುತ್ತಿದೆ ಎಂಬುದೂ ಅವಳಿಗೆ ತಿಳಿದಿರಲಿಲ್ಲ.

“ಅದನ್ನ ಸೇರಿಸು,” ಎಂದಳು. “ಅದನ್ನೂ ಲೆಕ್ಕಕ್ಕೆ ಸೇರಿಸಿ ಹೇಳು. ಈಗ ಸರಾಸರಿ ಎಷ್ಟಾಗುತ್ತೆ?”

ವೆರ್ನಾ ಬೇರೆ ಕಾಗದವಿಲ್ಲದೆ ಸಾಸೇಜಿನ ಕಾಗದದ ತಟ್ಟೆಯ ಮೇಲೆ ಲೆಕ್ಕ ಮಾಡಿದಳು. ಮೂವತ್ತೆಂಟರ ಒಟ್ಟು ಉದ್ದಕ್ಕೆ ಐದು ಇಪ್ಪತ್ತನ್ನು ಕೂಡಿದಳು. ಮೂವತ್ತೊಂಬತ್ತರಿಂದ ಭಾಗಿಸಿದಳು. ಬಂದದ್ದನ್ನು ನಂಬಲಾರದೆ ಮತ್ತೆ ಭಾಗಿಸಿದಳು. ಸಾಲಾಗಿ ನಿಲ್ಲಿಸಿ ನಡುವಿನದನ್ನು ನೋಡಿದಳು. ಮಧ್ಯಾಂಕ ಇದ್ದಲ್ಲಿಂದ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಅಷ್ಟು ದೊಡ್ಡ ಮೈ ಸರಾಸರಿಯೊಳಗೆ ಹೋಗಿ ಅದನ್ನು ಒಂದು ಅಂಗೈ ಅಗಲದಷ್ಟು ಮೇಲೆತ್ತಿತ್ತು, ಅಷ್ಟೇ.

“ಒಂದು ಎಂಬತ್ತೊಂಬತ್ತು,” ಎಂದಳು.

ಗ್ಲೆನಿಸ್ ತಟ್ಟೆಯನ್ನು ಕೈಗೆ ತೆಗೆದುಕೊಂಡು ನೋಡಿದಳು. ಅಂಕಿಯ ಮೇಲೆ ಬೆರಳಿಟ್ಟಳು. ಅವಳ ಭುಜ ಮೆಲ್ಲಗೆ ಇಳಿಯಿತು, ಮುಖಕ್ಕೆ ಜೀವ ಬಂತು. ಸುತ್ತ ನಿಂತಿದ್ದವರೂ ಬಗ್ಗಿ ನೋಡಿದರು, ಒಬ್ಬರಿಂದ ಒಬ್ಬರಿಗೆ ಸಂಖ್ಯೆ ಹರಿದುಹೋಯಿತು.

“ಎರಡರ ಕೆಳಗೇ ಇದೆ,” ಎಂದಳು ಗ್ಲೆನಿಸ್. “ಅಬ್ಬ. ಹಾಗಾದ್ರೆ ನಿಯಮ ಮುರಿದಿಲ್ಲ. ನಾಳೆಯೂ ತೆರೆದೇ ಇಡಬಹುದು.”

ನೆಲದ ಮೇಲೆ ಕೂತಿದ್ದ ಆಂಬ್ರೋಸ್ ತರಚಿದ ಮಣಿಕಟ್ಟನ್ನು ಒತ್ತಿಕೊಂಡು ಮಗಳ ಮುಖ ನೋಡಿದ. ನೀರಿನಲ್ಲಿ ಬಗ್ಗಿ ಕಣ್ಣು ಮುಚ್ಚಿಕೊಂಡಾಗಲೂ ವೆರ್ನಾಳಿಗೆ ಇಷ್ಟು ಹೆದರಿಕೆಯಾಗಿರಲಿಲ್ಲ.